ಅಕ್ಕನ ಗಾಡಿಗೆ ಅಮ್ಮ ಕಟ್ಟಿದ ಚಾವಣಿ

ಅಹಮದಾಬಾದಿನಲ್ಲಿ ನಾನು ದಿನಾ ಕೆಲಸಕ್ಕೆ ಹೋಗುವ ದಾರಿಯಲ್ಲಿ, ವಟ್ವಾ ಇನ್ನೂ ಸ್ವಲ್ಪ ದೂರ ಇರುವಾಗ, ಒಂದು ತಾಡಪತ್ರಿ ಅಂಗಡಿ ಬರುತ್ತದೆ. ಲಾರಿಗಳಿಗೆ ಹೊದಿಸುವ ದಪ್ಪ ಬಟ್ಟೆಯನ್ನು ರಸ್ತೆ ಬದಿಯಲ್ಲೇ ಹಾಸಿ, ಅದರ ಮೇಲೆ ಕೂತು ಹೊಲಿಯುತ್ತಾರೆ. ಏಪ್ರಿಲ್ ಬಿಸಿಲಿಗೆ ಕಾದ ಆ ಬಟ್ಟೆಯಿಂದ ಮೇಣವೂ ರಬ್ಬರೂ ಸೀಮೆಎಣ್ಣೆಯೂ ಬೆರೆತ ವಾಸನೆ ಏಳುತ್ತದೆ. ಯಾರಿಗೂ ಇಷ್ಟವಾಗುವ ವಾಸನೆಯಲ್ಲ ಅದು. ನಾನು ಮಾತ್ರ ಆ ಜಾಗ ಬಂದ ಕೂಡಲೇ ಬಸ್ಸಿನ ಕಿಟಕಿ ಸರಿಸುತ್ತೇನೆ. ಪಕ್ಕದಲ್ಲಿ ಕೂತವರು ಗೊಣಗುತ್ತಾರೆ, ಗೊಣಗಲಿ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಒಂಬತ್ತು ವರ್ಷದವಳಾಗಿ ವಡೋದರಾದ ಫತೇಗಂಜಿನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ನಿಂತಿರುತ್ತೇನೆ. ಹೊಸ ಶತಮಾನ ಶುರುವಾಗಿ ಆಗಿನ್ನೂ ಎರಡು ಮೂರು ವರ್ಷ ಕಳೆದಿತ್ತು.

ಅಪ್ಪ ಬ್ಯಾಂಕಿನವರು, ಧಾರವಾಡದಿಂದ ವರ್ಗವಾಗಿ ಬಂದವರು. ಅಮ್ಮ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಓಣಿಯ ಗುಜರಾತಿ ಹೆಂಗಸರೆಲ್ಲ ಅವಳ ಗಿರಾಕಿಗಳು, ಅವರಿಂದಲೇ ಅಷ್ಟಿಷ್ಟು ಗುಜರಾತಿ ಕಲಿತಿದ್ದಳು. ಅಕ್ಕನ ಹೆಸರು ಸುಧಾ, ನನಗಿಂತ ಎಂಟು ವರ್ಷ ದೊಡ್ಡವಳು. ಎರಡು ವರ್ಷದ ಕೂಸಿದ್ದಾಗ ಪೋಲಿಯೋ ಆಗಿ ಅವಳ ಎರಡೂ ಕಾಲು ಸೋತಿದ್ದವು. ಕೈಯಿಂದ ಪೆಡಲು ತಿರುಗಿಸಿ ಓಡಿಸುವ ಮೂರು ಗಾಲಿಯ ಗಾಡಿಯೊಂದು ಅವಳಿಗಿತ್ತು. ಆ ಗಾಡಿಯಲ್ಲಿ ಅವಳೊಬ್ಬಳೇ ವಿಶ್ವವಿದ್ಯಾಲಯದ ಕಡೆಯ ಕಾಲೇಜಿಗೆ ಹೋಗಿ ಬರುತ್ತಿದ್ದಳು. ಹಿಂದಿನಿಂದ ಯಾರಾದರೂ ನೂಕಲು ಬಂದರೆ ಬ್ರೇಕು ಹಿಡಿದು ಕೂತುಬಿಡುವಳು. ಅವಳ ತೋಳಿನ ಬಲ ಎಂಥದ್ದೆಂದರೆ, ಚಪಾತಿ ಹಿಟ್ಟು ನಾದುವಾಗ ಪರಾತವೇ ನೆಲದ ಮೇಲೆ ಸರಿಯುತ್ತಿತ್ತು. ನನಗಂತೂ ಅಕ್ಕನಿಗಿಂತ ಗಟ್ಟಿಗರು ಊರಲ್ಲೇ ಇಲ್ಲ ಎನ್ನುವುದರಲ್ಲಿ ಅನುಮಾನವಿರಲಿಲ್ಲ.

ಆದರೆ ಹಿಂದಿನ ವರ್ಷದ ಮಳೆಗಾಲ ಅವಳನ್ನು ಹಣ್ಣು ಮಾಡಿತ್ತು. ಎರಡೂ ಕೈ ಪೆಡಲಿನ ಮೇಲಿರುವಾಗ ಕೊಡೆ ಹಿಡಿಯುವುದೆಲ್ಲಿ ಬಂತು? ರೇನ್‌ಕೋಟು ಹಾಕಿಕೊಂಡರೆ ಅದರ ತೋಳು ಚೈನಿಗೆ ಸಿಕ್ಕಿ ಹರಿಯಿತು. ಒದ್ದೆ ಬಟ್ಟೆಯಲ್ಲೇ ಕ್ಲಾಸಿನಲ್ಲಿ ಕೂತು ಕೂತು ಜ್ವರ ಹಿಡಿದು, ಅದು ಎದೆಗೆ ಇಳಿದು, ಆಸ್ಪತ್ರೆ ಸೇರುವಷ್ಟಾಯಿತು. ಅಪ್ಪ ಸಿಟ್ಟಿನವರಲ್ಲ, ಆದರೆ ಹೆದರಿದ್ದರು. ಯುಗಾದಿ ಕಳೆದ ಮೇಲೆ ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟರು: "ಈ ಮಳಿಗಾಲಾನೂ ಹಂಗs ಆತಂದ್ರ ಕಾಲೇಜು ಸಾಕು. ಮನ್ಯಾಗ ಕೂತು ಓದಿ ಪರೀಕ್ಷಾ ಕಟ್ಟಲಿ." ಅಕ್ಕ ತಲೆ ಎತ್ತಲಿಲ್ಲ. ತಟ್ಟೆಯಲ್ಲಿದ್ದ ಅನ್ನ ಹಾಗೇ ಆರಿತು.

ಮರುದಿನ ಅಮ್ಮ ಹಳೆಯ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಿಂದ ಗಾಡಿಗೊಂದು ಚಾವಣಿ ಬರೆದಳು. ಬಾಗಿದ ಕಮಾನು, ಅದರ ಮೇಲೆ ಬಟ್ಟೆ. ಅಕ್ಕ ನೋಡಿದವಳೇ ಕಾಗದವನ್ನು ಪಕ್ಕಕ್ಕಿಟ್ಟಳು. "ನಾ ಏನ್ ಮದಿಮಗಳೇನು, ಕಮಾನಿನ ಚಕ್ಕಡ್ಯಾಗ ಕೂತು ಅತ್ತೀ ಮನಿಗೆ ಹೋಗ್ಲಿಕ್ಕೆ? ಅಷ್ಟೂ ಮುಚ್ಚಿದ್ರ ನಂಗ ಆಕಾಶ ಹೆಂಗ ಕಾಣಬೇಕು?" ಎಂದಳು. ಅಮ್ಮ ತಾಳ್ಮೆಯಿಂದ, "ಮತ್ತ ಹೆಂಗ ಬೇಕು ಹೇಳವಾ," ಎಂದು ಕೇಳಿದಳು. ಅಕ್ಕ ಹೇಳಿದಳು: "ಕೂತಲ್ಲಿಂದs ನಾನs ಹಾಕ್ಕೋಬೇಕು, ನಾನs ತಗೀಬೇಕು. ಯಾರನ್ನೂ ಕರೀಬಾರದು."

ಅಮ್ಮ ಆಮೇಲೆ ಮಾಡಿದ್ದನ್ನು ನಾನು ಇನ್ನೂ ಮರೆತಿಲ್ಲ. ಮಧ್ಯಾಹ್ನ ಅಕ್ಕ ಮಲಗಿದ್ದಾಗ ಅಮ್ಮ ಅಂಗಳಕ್ಕೆ ಬಂದು ಗಾಡಿಯಲ್ಲಿ ಕೂತಳು. ಹೆಗಲ ಮೇಲಿದ್ದ ಟವೆಲಿನಿಂದ ತನ್ನ ಎರಡೂ ಕಾಲನ್ನು ಬಿಗಿಯಾಗಿ ಕಟ್ಟಿಕೊಂಡಳು. ಆಮೇಲೆ ಕೈ ಹಿಂದಕ್ಕೆ ಚಾಚಿ, ಮೇಲಕ್ಕೆ ಚಾಚಿ, ಎಲ್ಲಿಯವರೆಗೆ ನಿಲುಕುತ್ತದೆ, ಎಲ್ಲಿ ನಿಲುಕುವುದಿಲ್ಲ ಎಂದು ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದಳು. ಒಮ್ಮೆ ಮರೆತು ಕಾಲು ಊರಲು ಹೋಗಿ ಮುಗ್ಗರಿಸಿ ಗೋಡೆ ಹಿಡಿದುಕೊಂಡಳು. ನಾನು ನಕ್ಕುಬಿಟ್ಟೆ. ಅಮ್ಮ ನಗಲಿಲ್ಲ. ಕಟ್ಟಿದ ಕಾಲನ್ನೇ ನೋಡುತ್ತ ಬಹಳ ಹೊತ್ತು ಕೂತಳು. ಹದಿನೈದು ವರ್ಷ ಅಕ್ಕನನ್ನು ಎತ್ತಿ ಇಳಿಸಿದ ಅಮ್ಮ ಆ ಮಧ್ಯಾಹ್ನ ಮೊದಲ ಸಲ ಅಕ್ಕನ ಜಾಗದಲ್ಲಿ ಕೂತಿದ್ದಳು. ಇದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ರವಿಕೆಗೆ ಮಾತ್ರ ಅಮ್ಮ ಟೇಪು ಹಿಡಿಯುವುದು. ಪರದೆ, ಗಾದಿಯ ಕವರು, ಮಷಿನ್ನಿನ ಹೊದಿಕೆ ಎಲ್ಲವೂ ಗೇಣಿನ ಲೆಕ್ಕ. ಅವಳ ತಾಯಿಯೂ ಹಾಗೇ ಮಾಡುತ್ತಿದ್ದಳಂತೆ. ಗಾಡಿಯನ್ನೂ ಗೇಣಿನಲ್ಲೇ ಅಳೆದು, ಓಣಿಯ ತುದಿಯಲ್ಲಿ ಕಿಟಕಿಯ ಸರಳು ಬೆಸೆಯುವ ಯೂಸುಫ್‌ಭಾಯಿಯ ಬಳಿ ಹೋದಳು. ಮೂರು ತೆಳು ಪೈಪುಗಳನ್ನು ಬಾಗಿಸಿ ಸೀಟಿನ ಹಿಂದೆ ಒಂದೇ ಬೋಲ್ಟಿಗೆ ಸೇರಿಸಬೇಕು, ಎಳೆದರೆ ಮುಂದೆ ಬರಬೇಕು, ದೂಡಿದರೆ ಹಿಂದೆ ಮಡಚಿಕೊಳ್ಳಬೇಕು ಎಂದು ಕೈಯಾಡಿಸಿ ತೋರಿಸಿದಳು. ಅಗಲ ಎಷ್ಟು ಎಂದದ್ದಕ್ಕೆ ನಾಲ್ಕು ಗೇಣು ಎಂದಳು. ಗುಜರಾತಿಯಲ್ಲಿ ಗೇಣಿಗೆ ವೇಂತ್ ಎನ್ನುತ್ತಾರೆ, ಆ ಮಾತು ಅವಳಿಗೆ ಗೊತ್ತಿತ್ತು. ಯೂಸುಫ್‌ಭಾಯಿ ತಲೆಯಾಡಿಸಿದ. ಅಮ್ಮ ಮನೆಗೆ ಬಂದು ತಾಡಪತ್ರಿಯನ್ನು ನಾಲ್ಕು ಗೇಣಿಗೆ ಕತ್ತರಿಸಿ ಹೊಲಿಯಲು ಕೂತಳು. ಎರಡು ಸೂಜಿ ಮುರಿದವು. ಮನೆಯೆಲ್ಲ ಅದೇ ವಾಸನೆ. ಅಪ್ಪ ಬಾಗಿಲಲ್ಲೇ ಕೂತು ಪೇಪರ್ ಓದಿದರು.

ಪೈಪು ಬಂದ ದಿನ ನಾವೆಲ್ಲ ಗಾಡಿಯ ಸುತ್ತ ನಿಂತಿದ್ದೆವು. ಯೂಸುಫ್‌ಭಾಯಿ ಬೋಲ್ಟು ಬಿಗಿದ. ಅಮ್ಮ ಬಟ್ಟೆ ಹಾಸಿದಳು. ಎರಡೂ ಬದಿ ಅಂಗೈ ಅಗಲದಷ್ಟು ಕಡಿಮೆ ಬಿತ್ತು. ಯೂಸುಫ್‌ಭಾಯಿ ತನ್ನ ಗೇಣಿನಿಂದ ಅಳೆದು ತೋರಿಸಿದ, ಸರಿಯಾಗಿ ನಾಲ್ಕು. ಅಮ್ಮ ತನ್ನ ಗೇಣಿನಿಂದ ಅಳೆದಳು, ಐದಕ್ಕೂ ಮಿಕ್ಕಿತು. ಇಬ್ಬರೂ ಸೀಟಿನ ಮೇಲೆ ಕೈ ಅಗಲಿಸಿ ಪಕ್ಕಪಕ್ಕ ಇಟ್ಟರು. ಅವನದು ಸುತ್ತಿಗೆ ಹಿಡಿದ ಮೊರದಷ್ಟು ಕೈ, ಅಮ್ಮನದು ಸೂಜಿ ಹಿಡಿದ ಪುಟ್ಟ ಕೈ. ಯೂಸುಫ್‌ಭಾಯಿ ಗಹಗಹಿಸಿ ನಕ್ಕು, "ಬೆಹೆನ್‌ಜೀ, ಗಲತಿ ಕಿಸೀ ಕೀ ನಹೀಂ, ಹಾಥ್ ಕೀ ಹೈ," ಎಂದ, ತಪ್ಪು ಯಾರದೂ ಅಲ್ಲ, ಕೈಯದು ಎಂದು. ಅಮ್ಮನಿಗೆ ನಗು ಬರಲಿಲ್ಲ. ಬಟ್ಟೆ ಕತ್ತರಿಸಿ ಆಗಿತ್ತು, ಮೇ ತಿಂಗಳು ಮುಗಿಯುತ್ತ ಬಂದಿತ್ತು. ಒಳಗೆ ಹೋಗಿ ಮಷಿನ್ನಿನ ಮುಂದೆ ನಮಗೆ ಬೆನ್ನು ಮಾಡಿ ಕೂತುಬಿಟ್ಟಳು.

ಅಷ್ಟರಲ್ಲಿ ಅಕ್ಕ ತೆವಳುತ್ತ ಬಂದು ಗಾಡಿಯೇರಿ ಪೆಡಲು ತಿರುಗಿಸಿ ನೋಡಿದಳು. ಅಂಗಳದಲ್ಲಿ ಒಂದು ಸುತ್ತು, ಎರಡು ಸುತ್ತು. "ಅಮ್ಮಾ, ಪೈಪು ಇಷ್ಟು ಅಗಲ ಇದ್ದದ್ದs ಛಲೋ ಆತು. ನಿನ್ನ ಗೇಣಿನ್ಹಂಗ ಮಾಡಿದ್ರ ನನ್ನ ಮೊಣಕೈ ಬಡೀತಿತ್ತು," ಎಂದು ಕೂಗಿದಳು. ನಿಜವೇ. ಅಮ್ಮ ಗಾಡಿಯಲ್ಲಿ ಕೂತಿದ್ದಳು, ಕಾಲು ಕಟ್ಟಿಕೊಂಡಿದ್ದಳು, ಕೈ ಚಾಚಿದ್ದಳು, ಪೆಡಲು ಮಾತ್ರ ತಿರುಗಿಸಿರಲಿಲ್ಲ. ಅಮ್ಮ ಎದ್ದು ಹೊರಗೆ ಬಂದಳು. ಸೊಂಟದ ಮೇಲೆ ಕೈಯಿಟ್ಟು ಬಟ್ಟೆಗೂ ಪೈಪಿಗೂ ನಡುವೆ ಉಳಿದ ಖಾಲಿ ಜಾಗವನ್ನೇ ದಿಟ್ಟಿಸಿದಳು. ಆಮೇಲೆ ಪೆಟ್ಟಿಗೆಯಿಂದ ಲಂಗದ ಲಾಡಿಯ ಉಂಡೆ ತಂದಳು.

ಚಪ್ಪಲಿ ಹೊಲಿಯುವವನ ಹತ್ತಿರ ಬಟ್ಟೆಯ ಅಂಚಿಗೆ ಹಿತ್ತಾಳೆಯ ಕಣ್ಣುಗಳನ್ನು ಹೊಡೆಸಿ, ಅವುಗಳಲ್ಲಿ ಲಾಡಿ ಪೋಣಿಸಿ ಪೈಪಿಗೆ ಕಟ್ಟಿದಳು. ಬಿಸಿಲು ಎಡಕ್ಕೆ ಬಂದರೆ ಬಲಗಡೆಯದನ್ನು ಸಡಿಲಿಸಿ ಎಡಗಡೆಯದನ್ನು ಜಗ್ಗಿದರಾಯಿತು, ಚಾವಣಿ ಆ ಕಡೆಗೆ ಸರಿಯುತ್ತಿತ್ತು. ಮಳೆಗೆ ಇನ್ನೂ ಕೆಳಗೆ ಇಳಿಬಿಡಬಹುದಿತ್ತು. ಎರಡು ಜಾರುಗಂಟು ಎಳೆದರೆ ಪೂರಾ ಬಟ್ಟೆ ಬಿಚ್ಚಿ ಅಕ್ಕನ ಮಡಿಲಿಗೆ ಬೀಳುತ್ತಿತ್ತು. ಎಲ್ಲ ಗಂಟೂ ಅವಳ ಕೈಗೆ ನಿಲುಕುವಲ್ಲೇ ಇದ್ದವು. ಯೂಸುಫ್‌ಭಾಯಿ ಎಳೆದ, ಬಿಟ್ಟ, ಮತ್ತೆ ಎಳೆದ, ಕೊನೆಗೆ ಎರಡೂ ಕೈ ಎತ್ತಿ ಅಮ್ಮನಿಗೆ ಸಲಾಂ ಹಾಕಿದ. ನನಗೆ ಅಮ್ಮ ಆಗ ಎಷ್ಟು ಎತ್ತರ ಕಂಡಳು! ಲಂಗದ ಲಾಡಿಯಿಂದ ಇಷ್ಟೆಲ್ಲ ಆಗುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಮಳೆಗಾಲ ಶುರುವಾಯಿತು. ಮೊದಲ ದಿನ ಅಪ್ಪ ಬ್ಯಾಂಕಿನಿಂದ ಬಂದವರೇ ಅಕ್ಕನ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಅವಳ ಜಡೆಯ ತುದಿ ಮುಟ್ಟಿ ನೋಡಿದರು. ಒಂದೂ ತೊಯ್ದಿರಲಿಲ್ಲ. "ಚಹಾ ಮಾಡ್ರಿ," ಎಂದರು, ಅಷ್ಟೇ. ಕಾಲೇಜು ಬಿಡಿಸುವ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ. ಅಕ್ಕ ಓದಿದಳು, ಇನ್ನೂ ಓದಿದಳು, ಈಗ ಸೂರತ್ತಿನಲ್ಲಿ ಪಾಠ ಹೇಳುತ್ತಾಳೆ. ಫತೇಗಂಜಿನ ಆ ಮನೆ ಕೆಡವಿ ಎಷ್ಟೋ ವರ್ಷವಾಯಿತು. ಅಮ್ಮ ಹೋಗಿ ಆರು ವರ್ಷ. ಅವಳನ್ನು ನೆನೆದಾಗೆಲ್ಲ ನನ್ನ ಕಣ್ಣ ಮುಂದೆ ಬರುವುದು ಚಾವಣಿ ಕಟ್ಟಿದ ವರ್ಷದ ಶ್ರಾವಣದ ಒಂದು ಸಂಜೆ.

ಮಳೆ ಅವತ್ತು ಹುಚ್ಚು ಹಿಡಿದಂತೆ ಸುರಿಯುತ್ತಿತ್ತು. ಗೇಟಿನ ಬಳಿ ಗಾಡಿ ಕಂಡು ಅಮ್ಮ ಎದೆ ಒಡೆದವಳಂತೆ ಕೊಡೆ ಹಿಡಿದು ಓಡಿದಳು. ಗಾಡಿಯ ಮೇಲೆ ಚಾವಣಿ ಇರಲಿಲ್ಲ. ಪೈಪುಗಳು ಹಿಂದಕ್ಕೆ ಮಡಚಿದ್ದವು. ಪುಸ್ತಕಗಳನ್ನು ತಾಡಪತ್ರಿಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ತಲೆಯಿಂದ ಕಾಲಿನವರೆಗೆ ತೊಯ್ದು, ಮುಖ ಮೇಲೆತ್ತಿ ಅಕ್ಕ ನಗುತ್ತಿದ್ದಳು. "ಏನಾತವಾ, ಹರೀತೇನು? ಯಾರರ ಕಿತ್ತಿದ್ರೇನು?" ಎಂದು ಅಮ್ಮ ಚೀರಿದಳು. "ಇಲ್ಲಮ್ಮಾ," ಎಂದಳು ಅಕ್ಕ, "ನಾನs ತಗದೆ."

ಅಮ್ಮ ನಿಧಾನವಾಗಿ ಕೊಡೆ ಮಡಚಿದಳು. ಗಾಡಿ ಅಂಗಳದಲ್ಲಿ ಸುತ್ತು ಹಾಕತೊಡಗಿತು, ಅಮ್ಮ ಅದರ ಪಕ್ಕದಲ್ಲಿ ಸೆರಗು ತೊಯ್ಯುತ್ತ ನಡೆದಳು. ಅವಳು ನೂಕಲಿಲ್ಲ, ಗಾಡಿಗೆ ಕೈ ಕೂಡ ಹಚ್ಚಲಿಲ್ಲ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು, ಮಳೆಯ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ನಾನು ಒಣ ಟವೆಲು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ತೊಯ್ಯಬಾರದು ಎಂದು ಜಾಣೆಯ ಹಾಗೆ ನಿಂತಿದ್ದೆ. ಹತ್ತು ಹೆಜ್ಜೆ ದೂರ ಅಷ್ಟೇ, ಓಡಿ ಹೋಗಬಹುದಿತ್ತು.