ತುಂಬಿದ ಡ್ರಮ್ಮು, ಹತ್ತದ ಒಲೆ

ಗೋಬರ್ ಗ್ಯಾಸಿಗೆ ಒಟ್ಟು ನಲವತ್ತೆರಡು ಸಾವಿರ ಬಿತ್ತು. ಮೇಸ್ತ್ರಿ ಹೇಳಿದ್ದು ಐವತ್ತೈದು. ಇಟ್ಟಿಗೆಯನ್ನು ಮಾಲೂರಿನ ಗೂಡಿಗೇ ಹೋಗಿ ಮಾತಾಡಿ ತಂದೆ, ಗುಂಡಿ ನಾನೇ ತೋಡಿದೆ, ಫೈಬರ್ ಡ್ರಮ್ಮಿನ ಅಂಗಡಿಯವನು ಕೊನೆಗೆ ಕೈಮುಗಿದು ರೇಟು ಇಳಿಸಿದ. ಸುಗಟೂರಿನ ಆಚೆ ನಮ್ಮ ಹಳ್ಳಿಗೆ ಸಿಲಿಂಡರ್ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸೌದೆ ಹೊಗೆಗೆ ಹೆಂಡತಿ ಕೆಮ್ಮುತ್ತಿದ್ದಳು. ಮನೆಯಲ್ಲಿ ಎರಡು ಸೀಮೆಹಸು, ಸಗಣಿಗೆ ಕೊರತೆಯಿಲ್ಲ. ಅದಕ್ಕೇ ಹಾಕಿಸಿದ್ದು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಸಗಣಿ ಕಲೆಸಿ ಗುಂಡಿಗೆ ಬಿಡುವುದರಿಂದ ಹಿಡಿದು ಎಲ್ಲವನ್ನೂ ಅವಳೇ ನಡೆಸಿದಳು.

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಸಮಾಧಿಗೆ ಹಾಲುತುಪ್ಪ ಬಿಡುವ ಶಾಸ್ತ್ರ ಆಗುವವರೆಗೆ ನಮ್ಮಲ್ಲಿ ಸಾವಿನ ಮನೆಯ ಒಲೆ ಹಚ್ಚುವುದಿಲ್ಲ. ಊಟ ಬೇರೆ ಮನೆಯಿಂದ ಬರುತ್ತಿತ್ತು. ಹಸುಗಳು ಮಾತ್ರ ಸಗಣಿ ಹಾಕುತ್ತಲೇ ಇದ್ದವು. ಬೇರೇನು ಮಾಡಬೇಕೆಂದು ತೋಚದೆ ನಾನು ಕಲೆಸಿ ಬಿಡುತ್ತಿದ್ದೆ. ಗ್ಯಾಸು ಖರ್ಚಾಗದೆ ಹಿತ್ತಲಲ್ಲಿ ಗುಂಡಿಯ ಮೇಲೆ ಕವುಚಿದ್ದ ಡ್ರಮ್ಮು ಮೇಲೇಳುತ್ತಾ ಹೋಯಿತು.

ರಾಯಲ್ಪಾಡಿನಿಂದ ಬಂದಿದ್ದ ಅಕ್ಕ ಅದನ್ನು ನೋಡಿ ಬೆಚ್ಚಿ, ಆ ಕಡೆಯ ತೆಲುಗು ಬೆರೆಸಿ ಕೂಗಿದಳು. "ಏಮಿರಾ ಇದಿ! ಒಡೆದ್ರೆ ಮನೇನೇ ಎಗರಿಹೋಗ್ತದೆ ಕಣೋ!"

"ಒಡೆಯಲ್ಲ ಕಣೇ," ಅಂದರು ಭಾವ. "ನಿಮ್ಮಪ್ಪನ ತರ ಪಕ್ಕದಿಂದ ಮೆಲ್ಲಗೆ ಬಿಟ್ಕೊಳ್ತದೆ."

ಎಲ್ಲರೂ ನಕ್ಕರು. ನಾನೂ ನಕ್ಕೆನಂತೆ.

ಹಾಲುತುಪ್ಪ ಮುಗಿದ ಸಂಜೆ ಅಕ್ಕ ಟೀಗೆ ಒಲೆ ಹಚ್ಚಿದಳು. ಉರಿ ಪಕಪಕ ಅಂದು ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ನಾನು ಬರ್ನರ್ ಊದಿದೆ, ಪೈಪು ಅಲ್ಲಾಡಿಸಿದೆ. ಆಗಲಿಲ್ಲ.

"ಒಬ್ನೇ ಇದನ್ನೆಲ್ಲ ಎಲ್ಲಿ ನೋಡ್ಕೊಳ್ತೀಯ ಬಾಮೈದ?" ಅಂದರು ಭಾವ. "ಗುಂಡಿ ಮುಚ್ಚಿಬಿಡು. ಹಸು ಎರಡೂ ನಾನು ಹೊಡ್ಕೊಂಡು ಹೋಗ್ತೀನಿ. ರೇಟು ನೀನೇ ಹೇಳು."

"ಹೊಡ್ಕೊಂಡು ಹೋಗಿ," ಅಂದೆ. ರೇಟು ಹೇಳಲಿಲ್ಲ. ಭಾವನೇ ಗಾಬರಿಯಾಗಿ ಅಕ್ಕನ ಮುಖ ನೋಡಿದರು.

ಊಟದ ಪಾತ್ರೆ ವಾಪಸ್ ಒಯ್ಯಲು ಬಂದಿದ್ದ ಪಕ್ಕದ ಮನೆಯಾಕೆ ಬಾಗಿಲಲ್ಲೇ ನಿಂತು ಕೇಳಿದಳು: "ನೀರು ಬಿಟ್ರಾ ಅಣ್ಣ?"

"ಯಾವ ನೀರು?"

"ಗ್ಯಾಸಿನ ಹಬೆ ನೀರಾಗಿ ಪೈಪಲ್ಲಿ ಕೂತಿರೋದು. ಚಳೀಲಿ ಅತ್ತಿಗೆ ವಾರವಾರ ಬಿಡ್ತಿದ್ರಲ್ಲ. ಗೋಡೆ ಬುಡದಾಗೆ ನಲ್ಲಿ ಐತೆ, ನೋಡಿ."

ಇತ್ತು. ದಿನಾ ಓಡಾಡುವ ಜಾಗದಲ್ಲೇ ಇತ್ತು. ತಿರುಗಿಸಿದೆ, ಲೋಟದಷ್ಟು ನೀರು ಸುರಿಯಿತು, ಮುಚ್ಚಿದೆ. ಅಕ್ಕ ಕಡ್ಡಿ ಗೀರಿದಳು, ಒಲೆ ನೀಲಿಯಾಗಿ ಹತ್ತಿಕೊಂಡಿತು. ನನಗೆ ಸಂತೋಷವೂ ಆಗಲಿಲ್ಲ, ಅಳುವೂ ಬರಲಿಲ್ಲ. ಟೀ ಕುಡಿದು, ಹಸು ಕೊಡುವುದಿಲ್ಲ ಅಂದೆ.

ಹಾಕಿಸುವವರಿದ್ದರೆ ಕೇಳಿ. ಸಗಣಿ ಎಷ್ಟೋ ನೀರೂ ಅಷ್ಟೇ ಇರಲಿ. ಪೈಪನ್ನು ಇಳಿಜಾರಾಗಿ ಎಳೆಸಿ, ತಗ್ಗಿನಲ್ಲಿ ನೀರು ಬಿಡುವ ನಲ್ಲಿ ಇಡಿಸಿ. ಬಿಡುವಾಗ ಬೀಡಿ, ಬೆಂಕಿ ಹತ್ತಿರ ಬೇಡ. ನೀರು ನಿಂತ ಕೂಡಲೇ ಮುಚ್ಚಿ. ಮೇಸ್ತ್ರಿಯ ಜೊತೆ ಚೌಕಾಸಿ ಮಾಡಿ, ಬೇಡ ಅನ್ನುವುದಿಲ್ಲ. ಆಮೇಲೆ ಒಂದು ದಿನ ಬಿಡುವು ಮಾಡಿಕೊಂಡು, ಮನೆಯಲ್ಲಿ ಅದನ್ನು ನಡೆಸುವವರ ಹಿಂದೆ ನಿಂತು, ಏನೇನು ಮಾಡುತ್ತಾರೆ ಅಂತ ನೋಡಿಕೊಳ್ಳಿ. ಅವರು ಇರುವಾಗಲೇ ನೋಡಿಕೊಳ್ಳಿ.