ಚೆಲುವಮ್ಮನ ಕಾಲ ಮೇಲೆ ಮಲಗುವ ಮೀನುಗಳು

ಇನ್ನೂ ನಸುಕು. ಮಾಂಬಳ್ಳಿ ಕೆರೆಯ ಕೆಳಗೆ ಪಂಚಾಯ್ತಿಯವರು ತೋಡಿಸಿರುವ ಮೀನಿನ ಕೊಳದ ಏರಿಯ ಮೇಲೆ ಚೆಲುವಮ್ಮ ಎರಡೂ ಕಾಲು ನೀಡಿ ಕುಳಿತಿದ್ದಾರೆ. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿದ್ದಾರೆ. ಮಗ್ಗುಲಲ್ಲಿ ಒದ್ದೆ ಮಾಡಿದ ಹಳೆ ಸೀರೆಯ ತುಂಡು, ಒಂದು ಚೊಂಬು. ಬೆನ್ನ ಹಿಂದೆ ತಾಮ್ರದ ದೊಡ್ಡ ಕೊಪ್ಪರಿಗೆ ಆ ಮಬ್ಬಿನಲ್ಲೂ ಹೊಳೆಯುತ್ತಿದೆ. ದೂರದಿಂದ ನೋಡಿದವರು ಯಾವುದೋ ಹಸುಗೂಸಿಗೆ ನೀರು ಹಾಕಲು ಕುಳಿತಿದ್ದಾರೆ ಎಂದುಕೊಳ್ಳಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಬಹಳ ವರ್ಷ ಅವರು ಮಾಡಿದ್ದು ಅದನ್ನೇ. ಊರಿನಲ್ಲಿ ಇವತ್ತು ನೇಗಿಲು ಹಿಡಿಯುವ ಅರ್ಧ ಗಂಡಸರು ಒಂದು ಕಾಲಕ್ಕೆ ಈ ಕಾಲುಗಳ ಮೇಲೆ ಮಲಗಿ ಅತ್ತವರು. ಈಗ ಅಲ್ಲಿ ಮಲಗುವುದು ಮೀನು.

"ಮಗೀಗೂ ಮೀನ್ಗೂ ಒಂದೇ ಸಾ," ಎನ್ನುತ್ತಾರೆ. "ಕೈ ಬಿಗಿಯಾದ್ರೆ ಒದ್ದಾಡ್ತವೆ, ಸಡ್ಲಾದ್ರೆ ಜಾರ್ಕತವೆ. ಮೀನು ಅಳಕಿಲ್ಲ, ಅದೊಂದು ಪುಣ್ಯ."

ಚೆಲುವಮ್ಮನ ಕೆಲಸವೆಂದರೆ ರಕ್ತ ತೆಗೆಯುವಾಗ ಮೀನನ್ನು ಹಿಡಿದುಕೊಳ್ಳುವುದು. ನೀರೊಳಗಿನ ಮೀನು ತನ್ನ ಕಾಯಿಲೆಯನ್ನು ಯಾರಿಗೂ ಹೇಳುವುದಿಲ್ಲ. ಸತ್ತು ತೇಲಿದ ಮೇಲೆ ತಿಳಿದು ಪ್ರಯೋಜನವೂ ಇಲ್ಲ. ಅದಕ್ಕೆ ಮೊದಲೇ ತಿಳಿಯಲೆಂದು ಮೀನುಗಾರಿಕೆ ಇಲಾಖೆಯ ತರುಣ ಅಧಿಕಾರಿ ಗುರುಪಾದಸ್ವಾಮಿ ಕೊಳ್ಳೇಗಾಲದಿಂದ ಬಂದು, ಬಾಲದ ಬುಡಕ್ಕೆ ಸೂಜಿ ಚುಚ್ಚಿ ನಾಲ್ಕು ಹನಿ ರಕ್ತ ತೆಗೆಯುತ್ತಾರೆ. ನಳಿಕೆಯಲ್ಲಿ ಅದಕ್ಕೆ ಆಸಿಡ್ ಬೆರೆಸಿ, ಬಣ್ಣ ಪಕ್ಕದ ಕಂದು ಗಾಜಿಗೆ ಸಮವಾಗುವ ತನಕ ಹನಿಹನಿಯಾಗಿ ನೀರು ಬಿಡುತ್ತಾರೆ. ಹೆಚ್ಚು ನೀರು ಹಿಡಿಸಿದರೆ ರಕ್ತ ಗಟ್ಟಿ, ಮೀನು ಆರೋಗ್ಯ. ಆದರೆ ಮೀನು ಕೊಸರಾಡಿದರೆ ರಕ್ತ ಸೂಜಿಯಲ್ಲೇ ಹೆಪ್ಪುಗಟ್ಟುತ್ತದೆ. ಚೆಲುವಮ್ಮ ಹೊಟ್ಟೆ ಮೇಲಾಗಿ ಮಲಗಿಸಿ, ಕಣ್ಣಿಗೆ ಒದ್ದೆ ಬಟ್ಟೆ ಮುಚ್ಚಿ, ಎರಡು ಕಾಲುಗಳ ನಡುವಿನ ತಗ್ಗಿಗೆ ಒತ್ತಿದರೆ ಎಂಥ ಕಾಟ್ಲಾ ಮೀನೂ ತೆಪ್ಪಗಾಗುತ್ತದೆ.

ಗುರುಪಾದಸ್ವಾಮಿ ಮೀನು ತಿನ್ನುವವರಲ್ಲ. ಮನೆತನದಲ್ಲೇ ಇಲ್ಲ. "ತಿನ್ನೋರ್ಗೆ ಮೀನು ಅಂದ್ರೆ ಸಾರು. ಇವ್ರಿಗೆ ಮಾತ್ರ ಅದು ರೋಗಿ," ಎಂದು ಚೆಲುವಮ್ಮ ಅವರನ್ನು ಅವರ ಎದುರಿಗೇ ಹಾಸ್ಯ ಮಾಡುತ್ತಾರೆ. ಆತ ನಕ್ಕು ಸೂಜಿ ತೊಳೆಯುತ್ತಾರೆ.

ಗಂಡ ಮಾರಯ್ಯ ತೀರಿಕೊಂಡಾಗ ಇಬ್ಬರು ಹೆಣ್ಣುಮಕ್ಕಳೂ ಚಿಕ್ಕವರು. ಬಾಣಂತಿ ಮನೆಗಳ ಕೆಲಸದಲ್ಲೇ ಅವರನ್ನು ಸಾಕಿದರು. ಹೆರಿಗೆಗಳು ಯಳಂದೂರಿನ ಆಸ್ಪತ್ರೆಗೆ ಹೋಗತೊಡಗಿದ ಮೇಲೆ ಕರೆಯುವವರು ಕಡಿಮೆಯಾದರು. ಸಾವಿರದ ಒಂಬೈನೂರ ಎಪ್ಪತ್ತೊಂದರಲ್ಲಿ ಕೊಳವಾಯಿತು. ಮೀನು ಹಿಡಿಯುವುದನ್ನು ಕಂಡಿದ್ದೇವೆ, ಅದಕ್ಕೆ ಕೂಳಿಕ್ಕಿ ಸಾಕುವುದೇನು ಎಂದು ಗಂಡಸರು ನಕ್ಕರು. ಆ ಕೆಲಸವನ್ನು ಚೆಲುವಮ್ಮ ಒಪ್ಪಿಕೊಂಡರು. ದಿನಾ ಬೆಳಿಗ್ಗೆ ರೇಷ್ಮೆ ನೂಲು ಬಿಚ್ಚುವ ಮನೆಗಳಿಗೆ ಹೋಗಿ, ಗೂಡಿನೊಳಗೆ ಉಳಿದ ಸತ್ತ ಹುಳುವನ್ನು ಮೀನಿನ ಮೇವಿಗೆಂದು ಒಂದು ಮಂಕರಿ ತುಂಬಿ ತರುತ್ತಾರೆ. ಸಂಜೆಗೆ ಇನ್ನೊಂದು ಮಂಕರಿ. ಆ ನಾತಕ್ಕೆ ಜನ ದೂರ ಸರಿಯುತ್ತಾರೆ. "ನಾಯಿಗೋಳು ಮಾತ್ರ ಬುಡಕಿಲ್ಲ ಸಾ. ನಾನು ಬೀದಿಲಿ ಬಂದ್ರೆ ಇಂದ್ಗಡೆ ಮೆರವಣಿಗೆ."

ಇವತ್ತು ಮಾತ್ರ ಅವರಿಗೆ ನಗು ಸಲೀಸಾಗಿ ಬರುತ್ತಿಲ್ಲ. ಕಳೆದ ತಿಂಗಳು ಪಂಚಾಯ್ತಿ ಜಗಲಿಯ ಮೇಲೆ ನಡೆದ ಪರೀಕ್ಷೆಯಲ್ಲಿ ರಕ್ತ ಕಪ್ಪಗೆ, ಬೆಲ್ಲದ ಪಾಕದ ಬಣ್ಣದಲ್ಲಿ ಬಂದಿತ್ತು. ಒಂದು ಮೀನಿನದೂ ಸರಿಯಿರಲಿಲ್ಲ. ಇನ್ನೊಮ್ಮೆ ಹೀಗೇ ಬಂದರೆ ಕೊಳವನ್ನು ಬರಿದು ಮಾಡಿ, ಮೀನನ್ನೆಲ್ಲ ಹೂತು ಸುಣ್ಣ ಹಾಕಬೇಕು, ಇಲ್ಲವಾದರೆ ರೋಗ ಕಾಲುವೆ ಹಿಡಿದು ಬೇರೆ ಕೆರೆಗಳಿಗೂ ಇಳಿದೀತು ಎಂದು ಗುರುಪಾದಸ್ವಾಮಿ ಹೇಳಿ ಹೋಗಿದ್ದರು. ಮರಿಯಿಂದ ಸಾಕಿದ ಮೀನು.

ಹಿಂದಿನ ರಾತ್ರಿ ಯಳಂದೂರಿನಲ್ಲೇ ಉಳಿದಿದ್ದ ಗುರುಪಾದಸ್ವಾಮಿ ಬಸ್ಸಿಗೆ ಕಾಯದೆ ಸೈಕಲ್ಲಿನಲ್ಲಿ ಬರುತ್ತಾರೆ. ಈ ಸಲದ ಪರೀಕ್ಷೆ ಏರಿಯ ಮೇಲೇ ಎಂದು ಹೇಳಿಕಳಿಸಿದ್ದರು; ನೇರ ಕೊಳಕ್ಕೇ ಬಂದದ್ದು ಇದೇ ಮೊದಲು. ಸೈಕಲ್ ನಿಲ್ಲಿಸಿ ಕೊಪ್ಪರಿಗೆಯತ್ತ ನೋಡಿದವರು ಅಲ್ಲೇ ನಿಲ್ಲುತ್ತಾರೆ. ಒಳಗೆ ಮೀನುಗಳು ಬಾಯಿ ಮೇಲೆತ್ತಿ ಏದುತ್ತಿವೆ. ಯಾವಾಗ ಹಿಡಿದದ್ದು ಎಂದು ಕೇಳುತ್ತಾರೆ. ಪಂಚಾಯ್ತಿ ಅಧ್ಯಕ್ಷರಾದ ದೊಡ್ಡಮಾದಪ್ಪ ಮುಂದೆ ಬಂದು, ನಿನ್ನೆ ಸಂಜೆಯೇ ಹಿಡಿಸಿ ಇದರಲ್ಲಿ ಇರಿಸಿದ್ದೇನೆ, ಹೋದ ಸಲವೂ ಹಾಗೇ ಮಾಡಿ ಬೆಳಿಗ್ಗೆ ಬಕೆಟ್ಟಿನಲ್ಲಿ ಜಗಲಿಗೆ ಕಳಿಸಿದ್ದೆ ಎನ್ನುತ್ತಾರೆ. ಕೊಪ್ಪರಿಗೆ ಅವರ ಮನೆಯದು. ಮದುವೆಗೆ ಬಿಟ್ಟರೆ ಅಟ್ಟದಿಂದ ಇಳಿಯುವುದಲ್ಲ.

"ಸಾಹೇಬ್ರು ಬಂದ್ಮೇಲೆ ಬಲೆ ಬುಟ್ಟು ಕಾಯ್ಸಕಾಯ್ತದಾ? ಉಣ್ಸೇಹಣ್ಣಾಕಿ ಉಜ್ಜಿಸಿವ್ನಿ, ನೋಡಿ ಎಂಗೆ ಒಳೀತದೆ."

ಗುರುಪಾದಸ್ವಾಮಿ ಏರಿಯ ಮೇಲೆ ಕುಳಿತೇಬಿಡುತ್ತಾರೆ. ಆಮೇಲೆ ನಗಲು ಶುರುಮಾಡುತ್ತಾರೆ. "ಯಜಮಾನ್ರೇ, ಬೆಳೆಗೆ ಹೊಡೀತೀರಲ್ಲ ಮೈಲುತುತ್ತ, ಅದು ಯಾವುದರಿಂದ ಆಗೋದು?"

"ತಾಮ್ರದಿಂದ," ಎಂದ ದೊಡ್ಡಮಾದಪ್ಪ ಕೊಪ್ಪರಿಗೆಯತ್ತ ತಿರುಗಿ ನೋಡುತ್ತಾರೆ. ಹುಳಿ ತಾಗಿದ ತಾಮ್ರ ರಾತ್ರಿಯಿಡೀ ತನ್ನ ಅಂಶವನ್ನು ನೀರಿಗೆ ಬಿಡುತ್ತಾ ಬಂದಿದೆ, ಮನುಷ್ಯರಿಗೆ ತಿಳಿಯದಷ್ಟು ಅದಿದ್ದರೂ ಮೀನಿನ ಕಿವಿರು ಕೆಟ್ಟು ರಕ್ತ ಕಪ್ಪಾಗಲು ಸಾಕು ಎಂದು ಗುರುಪಾದಸ್ವಾಮಿ ವಿವರಿಸುತ್ತಾರೆ. ಆದರೂ ಊಹೆಯ ಮೇಲೆ ಬಿಡುವಂತಿಲ್ಲ. ಕೊಳದ ರಕ್ತವನ್ನೇ ನೋಡಬೇಕು.

ಬಲೆ ಬೀಳುತ್ತದೆ. ಮೊದಲ ಕಾಟ್ಲಾ ಚೆಲುವಮ್ಮನ ಕಾಲ ಮೇಲೆ ಬರುತ್ತದೆ. ಬಟ್ಟೆ ಕಣ್ಣಿಗೆ, ಸೂಜಿ ಬಾಲಕ್ಕೆ. ಮೇಲೇರಿದ ರಕ್ತ ಕೆಂಪಗಿದೆ. ಗುರುಪಾದಸ್ವಾಮಿ ನಳಿಕೆಗೆ ನೀರು ಬಿಡುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಇನ್ನೂ ಬಿಡುತ್ತಾರೆ. ಬಣ್ಣ ಬೇಗ ತೆಳುವಾಗುತ್ತಿಲ್ಲ.

"ಗಟ್ಟಿ ರಕ್ತ ಕಣಮ್ಮ," ಎನ್ನುತ್ತಾರೆ ಕೊನೆಗೆ.

ಚೆಲುವಮ್ಮ ಮೀನನ್ನು ನೀರಿಗೆ ಬಿಡುವ ಮುನ್ನ ಚೊಂಬಿನ ನೀರನ್ನು ಅದಕ್ಕೆ ಮೂರು ಸುತ್ತು ನಿವಾಳಿಸಿ ಆಚೆ ಚೆಲ್ಲುತ್ತಾರೆ. ಎಣ್ಣೆನೀರಾದ ಕೂಸಿಗೆ ದೃಷ್ಟಿ ತೆಗೆಯುವ ಕ್ರಮ ಅದು. ಹಿಡಿದ ಪ್ರತಿ ಮೀನಿಗೂ ಅದು ಆಗಲೇಬೇಕು. ಇಲಾಖೆಯ ಯಾವ ಪುಸ್ತಕದಲ್ಲೂ ಇಲ್ಲದ ಈ ಶಾಸ್ತ್ರ ಮುಗಿಯುವ ತನಕ ಗುರುಪಾದಸ್ವಾಮಿ ಸೂಜಿ ಹಿಡಿದು ಕಾಯುತ್ತಾರೆ. ಬಿಸಿಲೇರುವ ಹೊತ್ತಿಗೆ ಹಿಡಿದ ಮೀನುಗಳ ಪರೀಕ್ಷೆಯೆಲ್ಲ ಮುಗಿಯುತ್ತದೆ. ಒಂದರಲ್ಲೂ ದೋಷವಿಲ್ಲ. ಮುಂದಿನ ವಾರ ಊರಿಗೆಲ್ಲ ಮೀನು.

"ನಿಮ್ ಮರ್ಯಾದಿ ನನ್ ಕೊಳನೇ ಮುಚ್ಚಾಕ್ಸ್ಬುಡ್ತಿತ್ತಲ್ಲಾ ಯಜಮಾನ್ರೇ," ಎಂದು ಚೆಲುವಮ್ಮ ಛೇಡಿಸುತ್ತಾರೆ. ಕೊಪ್ಪರಿಗೆಯನ್ನು ತಾವೇ ಹೊತ್ತುಕೊಳ್ಳುತ್ತಿದ್ದ ದೊಡ್ಡಮಾದಪ್ಪ, ಇನ್ನು ಇದು ಮದುವೆಗೆ ಮಾತ್ರ ಎಂದು ಗೊಣಗುತ್ತಾರೆ.

ಸಾಮಾನು ಕಟ್ಟುವಷ್ಟರಲ್ಲಿ ಚೆಲುವಮ್ಮ ತಮ್ಮ ಬೆರಳು ಚಾಚುತ್ತಾರೆ. ನನ್ನದನ್ನೂ ಅದೇ ಗಾಜಿನಲ್ಲಿ ನೋಡಿ ಎನ್ನುತ್ತಾರೆ. ಗುರುಪಾದಸ್ವಾಮಿ ಹೊಸ ಸೂಜಿ ತೆಗೆದು ನೋಡಿಯೇ ನೋಡುತ್ತಾರೆ. ನಾಲ್ಕು ಹನಿ ನೀರಿಗೇ ಬಣ್ಣ ತೆಳುವಾಗುತ್ತದೆ. ಕಾಟ್ಲಾ ಮೀನಿಗಿಂತ ಕಡಿಮೆ. ಯಳಂದೂರಿನ ಆಸ್ಪತ್ರೆಗೆ ಹೋಗಿ ಮಾತ್ರೆ ತೆಗೆದುಕೊಳ್ಳಿ, ಸೊಪ್ಪು ತಿನ್ನಿ ಎಂದವರು ಸೂಜಿ ತೊಳೆಯುತ್ತಾ, ಮೀನನ್ನೂ ತಿನ್ನಿ ಎನ್ನುತ್ತಾರೆ. ಮೀನು ತಿನ್ನದವರ ಬಾಯಲ್ಲಿ ಆ ಮಾತು ಕೇಳಿ ಚೆಲುವಮ್ಮ ಹೊಟ್ಟೆ ಹಿಡಿದು ನಗುತ್ತಾರೆ.

"ತಿಂತೀನಿ ಬುಡಿ ಸಾ," ಎಂದು ಒದ್ದೆ ಬಟ್ಟೆ ಹಿಂಡುತ್ತಾರೆ. "ಆದ್ರೆ ಇದೇನು ಒಸ್ದಲ್ಲ. ನನ್ ಕಾಲ್ ಮೇಲೆ ಮಲಗಿದ್ದೋರೆಲ್ಲಾ ನನ್ಗಿಂತ ಗಟ್ಟಿಯಾಗೇ ಎದ್ದೋಗವ್ರೆ."