ತರೀಕೆರೆಯ ಡೀಸೆಲ್, ಅಜ್ಜಂಪುರದ ಪೆಟ್ರೋಲ್

ಕಡೂರಿನಲ್ಲಿ ತರೀಕೆರೆ ಕಡೆಯ ಬಸ್ಸು ಹತ್ತಿದಾಗ ಬೆಳಿಗ್ಗೆ ಏಳೂವರೆ ಇರಬಹುದು. ಶಿವರಾತ್ರಿ ಕಳೆದು ಚಳಿ ಹೋಗಿತ್ತು, ಬಿಸಿಲಿನ್ನೂ ಹತ್ತಿರಲಿಲ್ಲ. ನನಗೆ ಸರ್ಕಾರದ ಪುಕ್ಕಟೆ ಟಿಕೆಟ್, ಇವರಿಗೆ ಕಾಸಿನ ಟಿಕೆಟ್. "ನಿಮ್ಮನ್ನ ಕರ್ಕೊಂಡು ಓಡಾಡೋದೇ ದಂಡ ನೋಡ್ರಿ" ಎಂದು ರೇಗಿಸಿದೆ. ಇವರು ನಗಲೂ ಇಲ್ಲ, ತಿರುಗಲೂ ಇಲ್ಲ. ಇವರು ಅಂದರೆ ನಮ್ಮ ಯಜಮಾನರು, ರುದ್ರಪ್ಪ. ಹಿಂದಿನ ದಿನದ ಜಗಳದ ಮುನಿಸು ಇನ್ನೂ ಇಳಿದಿಲ್ಲ ಅಂದುಕೊಂಡು ನಾನೂ ಕಿಟಕಿಯ ಕಡೆ ತಿರುಗಿದೆ.

ಜಗಳ ಗಾಡಿಯದು. ಮದುವೆ, ನಾಮಕರಣಗಳಿಗೆ ಪಾತ್ರೆ, ಕುರ್ಚಿ ಬಾಡಿಗೆ ಕೊಡುವುದು ನಮ್ಮ ಕಸುಬು. ಹಳೇ ಡೀಸೆಲ್ ಪಿಕಪ್ಪು ಸಂಕ್ರಾಂತಿಗೆ ಕೈ ಕೊಟ್ಟಿತು. ಮದುವೆ ಕಾಲ ಶುರುವಾಗುವುದರೊಳಗೆ ಇನ್ನೊಂದು ಗಾಡಿ ಬಾಗಿಲಿಗೆ ಬರದಿದ್ದರೆ ಈ ವರ್ಷದ ದುಡಿಮೆ ಅಲ್ಲಿಗೇ ಮುಗಿದಂತೆ. ಸೆಕೆಂಡ್ ಹ್ಯಾಂಡಿನಲ್ಲಿ ಎರಡು ಸಿಕ್ಕಿದ್ದವು, ತರೀಕೆರೆಯಲ್ಲೊಂದು ಡೀಸೆಲ್, ಅಜ್ಜಂಪುರದಲ್ಲೊಂದು ಪೆಟ್ರೋಲ್. ನಮ್ಮ ಓಡಾಟವೆಲ್ಲ ಕಡೂರಿನೊಳಗೆ, ಹೆಚ್ಚೆಂದರೆ ಬೀರೂರು, ಸಖರಾಯಪಟ್ಟಣ. ಇಷ್ಟಕ್ಕೆ ಪೆಟ್ರೋಲ್ ಸಾಕು ಅಂತ ನಾನು. ಇವರು ಮಾತ್ರ ಡೀಸೆಲ್ ಎಂದು ಪಟ್ಟು ಹಿಡಿದು ಕೂತಿದ್ದರು. "ಪೆಟ್ರೋಲ್ ಗಾಡಿಲಿ ಜೀವನೇ ಇರಲ್ಲ ಕಣೇ" ಅನ್ನುವುದೊಂದೇ ಮಾತು. ಎರಡನ್ನೂ ಒಂದೇ ದಿನ ನೋಡಿ, ಆವತ್ತೇ ತೀರ್ಮಾನ ಮಾಡಿಬಿಡೋಣ ಎಂದು ನಾನೇ ಹೊರಡಿಸಿದ್ದೆ.

ಬೀರೂರಿನಲ್ಲಿ ಬಸ್ಸು ತುಂಬಿತು. ಅಲ್ಲಿಂದ ಹೆದ್ದಾರಿ ನುಣ್ಣಗಿದೆ, ಗಂಟೆಯೊಳಗೆ ತರೀಕೆರೆಯಲ್ಲಿದ್ದೆವು. ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಬಿಸಿ ಇಡ್ಲಿ ತಿಂದೆವು. ಚಟ್ನಿಗೆ ಹುರಿಗಡಲೆ ಜಾಸ್ತಿ, ಕಾಯಿ ಕಡಿಮೆ. ತೆಂಗಿನ ಸೀಮೆಯಲ್ಲಿ ಕೂತು ಇಂಥ ಚಟ್ನಿ ಹಾಕುವವರಿಗೆ ಏನು ಹೇಳುವುದು.

ಡೀಸೆಲ್ ಗಾಡಿಯ ಮಲ್ಲೇಶಪ್ಪನವರು ಕೋಡಿಕ್ಯಾಂಪಿನ ಹತ್ತಿರ ಕಾಯುತ್ತಿದ್ದರು. ಬಿಳಿ ಬಣ್ಣ, ಟೈರು ಚೆನ್ನಾಗಿವೆ, ಹಿಂದಿನ ಹಲಗೆಯಲ್ಲಿ ಅಲ್ಲಲ್ಲಿ ಭತ್ತದ ಕಾಳು. ಅವರು ಕೀಲಿ ತಿರುಗಿಸಿದರು. ಗಡಗಡ ಸದ್ದು ಬೀದಿಗೆಲ್ಲ ಕೇಳಿತು. ಇವರು ಸೀಟಿನ ಮೇಲೆ ಕೂತು, ಸ್ಟೇರಿಂಗಿನ ಮೇಲೆ ಎರಡೂ ಅಂಗೈ ಒತ್ತಿ, ಕಣ್ಣು ಮುಚ್ಚಿದರು. ಎಷ್ಟೋ ದಿನದಿಂದ ಕಾಣದ ಸಮಾಧಾನ ಆ ಮುಖದಲ್ಲಿತ್ತು. ಗಂಡಸರಿಗೆ ಗಾಡಿ ಕಂಡರೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದಲ್ಲ ಎಂದು ನನಗೆ ನಗು ಬಂತು.

"ಏನ್ ಲೋಡ್ ಹಾಕ್ತೀರಮ್ಮಾ?" ಎಂದು ಮಲ್ಲೇಶಪ್ಪನವರು ನನ್ನನ್ನೇ ಕೇಳಿದರು. ಪಾತ್ರೆ, ಕುರ್ಚಿ ಎಂದೆ.

"ಹಂಗಾದ್ರೆ ಒಂದ್ ಮಾತು ಹೇಳ್ತೀನಿ, ಬ್ಯಾಸರ ಮಾಡ್ಕಬ್ಯಾಡಿ. ನಾನು ಲಕ್ಕವಳ್ಳಿಯಿಂದ ದಿನಾ ಭತ್ತ ಹೊಡೀತಿದ್ದೆ, ದೂರದ ದಾರಿ, ಎಂಜಿನ್ ಚೆನ್ನಾಗಿ ಬಿಸಿ ಆಗ್ತಿತ್ತು. ಈಗಿನ ಡೀಸೆಲ್ ಗಾಡೀಲಿ ಹೊಗೆ ಸೋಸೋ ಫಿಲ್ಟರ್ ಇರ್ತದೆ, ಎಂಜಿನ್ ಬಿಸಿ ಆದ್ರೇನೇ ಅದ್ರ ಮಸಿ ಸುಟ್ಟು ಹೋಗದು. ಊರೊಳಗೇ ನಿಲ್ಸಿ ನಿಲ್ಸಿ ಓಡ್ಸಿದ್ರೆ ಅದು ಮಸಿ ಕಟ್ಕಂತದೆ. ಆಮೇಲೆ ಗ್ಯಾರೇಜೇ ಗತಿ."

ಮಾರುವವರ ಬಾಯಲ್ಲಿ ಇಂಥ ಮಾತು ಬಂದರೆ ಕೈ ಮುಗಿಯಬೇಕು. ನಾನು ಇವರ ಮುಖ ನೋಡಿದೆ. ಇವರು ಕಣ್ಣು ಮುಚ್ಚಿಯೇ ಇದ್ದರು. "ಸಂಜೆ ಫೋನ್ ಮಾಡ್ತೀವಿ" ಎಂದು ಹೇಳಿ, ಇವರನ್ನು ಸೀಟಿನಿಂದ ಎಬ್ಬಿಸಿಕೊಂಡು ಹೊರಟೆ.

ತರೀಕೆರೆಯಿಂದ ಅಜ್ಜಂಪುರಕ್ಕೆ ದಾರಿ ಬೇರೆಯೇ ತರ. ತೋಟಗಳು ಹಿಂದೆ ಉಳಿದು, ಬಯಲು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಕರಿಮಣ್ಣಿನ ಹೊಲಗಳು, ಬದುವಿನ ಮೇಲೊಂದು ಜಾಲಿ, ದೂರದಲ್ಲಿ ಕುರಿ. ಈ ಬಯಲು ನೋಡಿದರೆ ನನಗೆ ಯಾವಾಗಲೂ ಮನಸ್ಸು ಹಗುರಾಗುತ್ತದೆ. ಬಿಸಿಲು ಈಗ ಚುರುಗುಡುತ್ತಿತ್ತು. ಅಜ್ಜಂಪುರದಲ್ಲಿ ಇಳಿದಾಗ ಹನ್ನೆರಡು ದಾಟಿತ್ತು.

ಪೆಟ್ರೋಲ್ ಗಾಡಿ ದಸ್ತಗೀರ್ ಸಾಬರದು. ಬೇಕರಿಗಳಿಗೆ ಬ್ರೆಡ್ಡು, ಬನ್ನು ಹಾಕುತ್ತಿದ್ದವರು, ಈಗ ದೊಡ್ಡ ಗಾಡಿ ತೆಗೆದುಕೊಂಡಿದ್ದಾರೆ. ಮನೆಯೊಳಗೆ ದಖ್ಖನಿ ಉರ್ದುವಿನಲ್ಲಿ ಏನೋ ಕೂಗಿ ಹೇಳಿ ನಮಗೆ ಚಹಾ ತರಿಸಿದರು. "ಕ್ಲಚ್ಚು ಬೆಣ್ಣೆ ಇದ್ದಂಗೈತೆ ಅಕ್ಕ. ಏರಲ್ಲಿ ಭಾರ ಹಾಕಿದ್ರೆ ಎಣ್ಣೆ ಜಾಸ್ತಿ ಕುಡೀತದೆ, ಸುಳ್ಳು ಹೇಳಲ್ಲ. ನಿಮ್ ಲೋಡಿಗೆ ಏನೂ ತೊಂದ್ರೆ ಇಲ್ಲ" ಎಂದರು. ಶಿವನಿ ಕಡೆ ಒಂದು ಸುತ್ತು ಹೋಗಿ ಬರೋಣ ಎಂದು ಮೂವರೂ ಹತ್ತಿದೆವು. ಇವರು ಚಾಲಕರ ಸೀಟಿನಲ್ಲಿ, ಸಾಬರು ನಡುವೆ, ನಾನು ಕಿಟಕಿಗೆ.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಇವರು ನ್ಯೂಟ್ರಲ್ಲಿಗೆ ತಂದು, ಕೈ ಕಟ್ಟಿ ಕೂತರು. ಗಾಡಿ ನಿಂತಿದ್ದರೂ ಎಂಜಿನ್ ಸಣ್ಣಗೆ ಓಡುತ್ತಲೇ ಇತ್ತು. ರೈಲು ಹೋಯಿತು, ಗೇಟು ಎತ್ತಿದರು. ಇವರು ಕೀಲಿ ತಿರುಗಿಸಿದರು. ಓಡುತ್ತಿರುವ ಎಂಜಿನ್ನಿಗೆ ಮತ್ತೆ ಸ್ಟಾರ್ಟ್ ಕೊಟ್ಟರೆ ಹೇಗೆ ಕಿರುಚುತ್ತದೆ ಎಂದು ಗಾಡಿಯವರಿಗೆ ಗೊತ್ತು. ಹಿಂದಿದ್ದ ಆಟೋದವನೂ ತಲೆ ಹೊರಗೆ ಹಾಕಿದ. ಇವರಿಗೆ ಮಾತ್ರ ಏನೂ ಆಗಲಿಲ್ಲ. ಮತ್ತೊಮ್ಮೆ ತಿರುಗಿಸಿದರು.

"ಯಜಮಾನ್ರೇ, ಗಾಡಿ ಆನ್ ಐತೆ!" ಎಂದು ಸಾಬರು ಇವರ ಕೈ ಹಿಡಿದರು.

ಆಗ ನನಗೆ ನಮ್ಮ ಕೊಪ್ಪರಿಗೆಗಳು ನೆನಪಾದವು. ಬಾಡಿಗೆಗೆ ಹೋದ ಹಿತ್ತಾಳೆ ಕೊಪ್ಪರಿಗೆಗಳು ವಾಪಸು ಬಂದಾಗ ನಾವು ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿಯೇ ಒಳಗಿಡುವುದು. ಬಿರುಕು ಬಿಟ್ಟಿದ್ದರೆ ದನಿಯಲ್ಲೇ ತಿಳಿಯುತ್ತದೆ. ಮದುವೆಯಾದಂದಿನಿಂದ ಅದು ಇವರ ಕೆಲಸ. ದೀಪಾವಳಿ ಈಚೆಗೆ "ನೀನೇ ತಟ್ಟೇ, ನಂಗೆ ಬ್ಯಾಸರ" ಎಂದು ನನ್ನ ತಲೆಗೆ ಕಟ್ಟಿದ್ದರು. ಸೋಮಾರಿತನ ಎಂದುಕೊಂಡಿದ್ದೆ. ಕೂಗಿದರೆ ತಿರುಗದಿದ್ದಾಗ ಹಠ ಎಂದುಕೊಂಡಿದ್ದೆ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ, ಗಂಡ ಮಾತು ಕೇಳದಿದ್ದರೆ ಯಾವ ಹೆಂಡತಿಗೆ ತಾನೇ ಅದು ಕಾಯಿಲೆ ಅಂತ ಹೊಳೆಯುತ್ತದೆ?

ವಾಪಸು ಬರುವಾಗ ಸಾಬರೇ ಓಡಿಸಿದರು. "ನಿಧಾನಕ್ಕೆ ಯೋಚ್ನೆ ಮಾಡಿ ಹೇಳಿ ಅಕ್ಕ" ಎಂದಷ್ಟೇ ಹೇಳಿ, ನಮ್ಮನ್ನು ಬಸ್ ನಿಲ್ದಾಣದ ಹತ್ತಿರ ಇಳಿಸಿದರು.

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದು ಮುಂದಿಟ್ಟರೂ ಇವರು ಮುಟ್ಟಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ ಬಾಯಿ ಬಿಟ್ಟರು. "ಬಲಗಿವಿ ಪೂರ್ತಿ ಹೋಗೈತೆ. ಎಡಗಿವೀಲಿ ಗಟ್ಟಿಯಾಗಿ ಮಾತಾಡಿದ್ರೆ ಕೇಳ್ತದೆ. ಡೀಸೆಲ್ ಆದ್ರೆ ಎಂಜಿನ್ ನಡುಕ ಕೈಗೆ, ಸೀಟಿಗೆ ಗೊತ್ತಾಗ್ತದೆ. ಇದು ಬದುಕೈತೋ ಸತ್ತೈತೋ ನಂಗೆ ತಿಳೀಲೇ ಇಲ್ಲ."

"ಹೇಳಕ್ಕೇನಾಗಿತ್ತು ನಿಮ್ಗೆ?"

"ಹೇಳಿದ್ರೆ ನೀನು ಗಾಡಿ ಮುಟ್ಟಕ್ಕೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಹಿಂದಿನಿಂದ ಲಾರಿ ಹಾರನ್ ಹೊಡೆದರೆ ಕೇಳದ ಮನುಷ್ಯ, ದೀಪಾವಳಿಯಿಂದ ಸಂಕ್ರಾಂತಿವರೆಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿದ್ದರು. "ಡೀಸೆಲ್ಲೋ ಪೆಟ್ರೋಲೋ ಆಮೇಲಿರಲಿ. ನಾಳೆ ಕಿವಿ ಡಾಕ್ಟ್ರ ಹತ್ರ ಹೋಗಣ. ಅವ್ರು ಹೂಂ ಅನ್ನೋವರ್ಗೂ ನೀವು ಸ್ಟೇರಿಂಗ್ ಹಿಡಿಯಂಗಿಲ್ಲ" ಎಂದು ಖಂಡಿತವಾಗಿ ಹೇಳಿದೆ.

"ಹಂಗಾದ್ರೆ ಗಾಡಿ ತಗಂಡು ಏನ್ ಮಾಡ್ತೀಯ? ಓಡ್ಸೋರ್ಯಾರು?" ಎಂದರು. ಬಜ್ಜಿ ಆರಿಹೋಯಿತು.

ಐದರ ಹೊತ್ತಿಗೆ ಕಡೂರಿನ ಬಸ್ಸು ಬಂತು. ನಿಲ್ಲಲೂ ಜಾಗವಿಲ್ಲದಷ್ಟು ಜನ, ಕಾಲ ಬುಡದಲ್ಲೆಲ್ಲ ಈರುಳ್ಳಿ ಚೀಲ. ಹೇಗೋ ನುಗ್ಗಿ ಕೂತೆವು. ಇವರು ಎಡಗಿವಿ ನನ್ನ ಕಡೆ ಬರುವಂತೆ ಜಾಗ ಬದಲಾಯಿಸಿಕೊಂಡಾಗ ನನಗೆ ಸಂಕಟವಾಯಿತು. ಬಯಲಿನ ಮೇಲೆ ಬಿಸಿಲು ಹಳದಿಗೆ ತಿರುಗುತ್ತಿತ್ತು.

ಬೀರೂರು ಹತ್ತಿರವಾದಾಗ ಇವರು ನನ್ನ ಕಡೆ ಬಾಗಿದರು. ಪಾಪ, ಗುಟ್ಟಾಗಿ ಪಿಸುಗುಡುತ್ತಿದ್ದೇನೆ ಎಂದೇ ಅವರ ಲೆಕ್ಕ.

"ಲೇ, ನಂಗಂತೂ ಕಿವಿ ಕೇಳಲ್ಲ! ನೀನು ಗಾಡಿ ಓಡ್ಸದು ಕಲೀತೀಯೇನೇ?"

ಇಡೀ ಬಸ್ಸು ಹಿಂತಿರುಗಿ ನೋಡಿತು. ಮನೆಯಲ್ಲಿ ಹೆಂಡತಿಯಿಂದಲೂ ಬಚ್ಚಿಟ್ಟ ಸಂಗತಿ ಅಜ್ಜಂಪುರ, ಬೀರೂರು, ಕಡೂರು ಮೂರೂ ಊರಿನವರಿಗೆ ಒಟ್ಟಿಗೆ ಗೊತ್ತಾಯಿತು. ಮುಂದಿನ ಸೀಟಿನ ಅಜ್ಜಿ ಚೀಲ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ಸುಮ್ಮನೆ ತಲೆ ಆಡಿಸಬಹುದಿತ್ತು. ಆದರೆ ಇವರು ಹೊಲದ ಕಡೆ ಮುಖ ತಿರುಗಿಸಿಬಿಟ್ಟಿದ್ದರು, ನಾನು ಏನನ್ನುತ್ತೇನೋ ಎಂಬ ಹೆದರಿಕೆ.

"ಕಲೀತೀನಿ ಕಣ್ರೀ!" ಎಂದು ಗಂಟಲು ಬಿಚ್ಚಿ ಕೂಗಿದೆ.

"ಕಲೀರಿ ಅಕ್ಕಾ, ನಮ್ ಬಸ್ಸಿಗೆ ಮಾತ್ರ ಅಡ್ಡ ಬರ್ಬ್ಯಾಡಿ" ಎಂದ ಕಂಡಕ್ಟರ್. ಬಸ್ಸೆಲ್ಲ ನಕ್ಕಿತು. ಇವರು ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದರು. ಏನಾಯಿತೆಂದು ಅರ್ಥವಾಗಿ ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಿಗೆ ತಲೆ ಎತ್ತಿ, ಈ ಸಲ ಬೇಕೆಂದೇ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ಹಂಗಾದ್ರೆ ಪೆಟ್ರೋಲೇ ತಗಳಣ. ಸಾಬ್ರಿಗೆ ಫೋನ್ ಮಾಡು."